ಹಂಪ್ ಬೈಯುವ ಮೊದಲು ಹಿಂದಿನ ಸ್ಪ್ರಿಂಗ್ ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ನಮ್ಮ ತುಮಕೂರಿನವರೇ ಒಬ್ಬರು, ಅವೈಜ್ಞಾನಿಕ ಹಂಪ್‌ಗಳ ದೆಸೆಯಿಂದ ತಮ್ಮ ಕಾರಿನ ಹಿಂಭಾಗ ಲೊಟಲೊಟ ಎನ್ನುತ್ತಿದೆ, ಎರಡು ಸಲ ಶಾಕ್ ಅಬ್ಸಾರ್ಬರ್ ಬದಲಿಸಿದರೂ ಹೋಗಿಲ್ಲ ಎಂದು ಬರೆದಿದ್ದರು. ಮಾತಿನ ನಡುವೆ, ಅದೇನೂ ದೊಡ್ಡ ಸಂಗತಿಯಲ್ಲ ಎಂಬಂತೆ, ಕಾರನ್ನು ‘ಸ್ವಲ್ಪ ತಗ್ಗಿಸಿದ್ದೇನೆ’, ಎಂದರೆ ಗಾಡಿಯ ಮೈ ನೆಲಕ್ಕೆ ಹತ್ತಿರವಾಗುವಂತೆ ಇಳಿಸಿದ್ದೇನೆ, ಎಂದೂ ಹೇಳಿದ್ದರು. ನನ್ನ ಕಣ್ಣು ಅಲ್ಲೇ ನಿಂತಿತು. ಸರ್ಕಾರಿ ಐಟಿಐಗಳಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಆ ಒಂದು ಮಾತಿನ ಮೇಲೆ ಈ ಪತ್ರ. ಉದ್ದವಾದರೆ ಕ್ಷಮಿಸಿ, ಕತ್ತರಿಸುವುದಾದರೆ ಬುಷ್ ಎಂಬ ರಬ್ಬರು ಕೀಲಿನ ವಿಷಯವೊಂದನ್ನು ಉಳಿಸಿ.

ಹಂಪ್ ಕುರಿತ ಅವರ ದೂರು ಸುಳ್ಳಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 99ನೇ ಸಂಖ್ಯೆಯ 1988ರ ಮಾರ್ಗಸೂಚಿಯಂತೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಹಂಪ್ 3.7 ಮೀಟರ್ ಅಗಲವಿದ್ದು, ನಡುವೆ 10 ಸೆಂ.ಮೀ. ಎತ್ತರವಿರಬೇಕು, 17 ಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತೆ ಮೆಲ್ಲಗೆ ಉಬ್ಬಿರಬೇಕು. ಕಾಗದ ತೆಗೆದು ಲೆಕ್ಕ ಹಾಕಿ ನೋಡಿ. 2,430 ಮಿ.ಮೀ. ವೀಲ್‌ಬೇಸ್ (ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಉದ್ದ) ಇರುವ ಕಾರು ಅಂಥ ಹಂಪ್ ಏರಿದರೆ ನಾಲ್ಕೂ ಚಕ್ರಗಳು ಹಂಪ್‌ನ ಮೇಲೆಯೇ ಇರುತ್ತವೆ. ಮುಂದಿನ ಹಿಂದಿನ ಚಕ್ರಗಳ ನಡುವೆ ರಸ್ತೆ ಉಬ್ಬಿ ನಿಲ್ಲುವುದು 4.3 ಸೆಂ.ಮೀ. ಅಷ್ಟೆ. ತಗ್ಗಿಸಿದ ಕಾರಿನ ಹೊಟ್ಟೆಗೂ ಅದು ತಾಗುವುದಿಲ್ಲ. ನಮ್ಮ ಬಡಾವಣೆಯ ತಿರುವಿನಲ್ಲಿರುವುದನ್ನು ನಾನು ಟೇಪು ಹಿಡಿದು ಅಳೆದಿದ್ದೇನೆ: ಅಗಲ 85 ಸೆಂ.ಮೀ., ಎತ್ತರ 14. ಅದು ಹಂಪ್ ಅಲ್ಲ, ಹೊಸಿಲು.

ಆದರೆ ಹೊಸಿಲು ದಾಟುವಾಗ ಮಂಡಿ ಲಟಕ್ ಎಂದರೆ ದೋಷ ಮಂಡಿಯಲ್ಲೂ ಇರುತ್ತದೆ. ಹಂಪ್ ಶಬ್ದವನ್ನು ಹೊರಗೆ ಹಾಕುತ್ತದೆ. ಶಬ್ದ ಹುಟ್ಟಿದ ಜಾಗ ಬೇರೆ. ಆ ಜಾಗವನ್ನು ಹುಡುಕುವ ತಾಳ್ಮೆ ಗ್ಯಾರೇಜಿನವರಿಗೂ ಇಲ್ಲ, ಗಾಡಿಯವರಿಗೂ ಇಲ್ಲ. ಸಿಕ್ಕಿದ್ದನ್ನು ಬದಲಿಸುವುದು, ಬಿಲ್ಲು ಹಾಕುವುದು, ಮತ್ತೆ ಅದೇ ಶಬ್ದ.

ನನ್ನ ತಂಗಿಯ ಮಗನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಎರಡು ವರ್ಷದ ಹಿಂದೆ 2013ರ ಸ್ವಿಫ್ಟ್ ಒಂದನ್ನು ಹಳೆಯ ಗಾಡಿಯಾಗಿ ಕೊಂಡ. ಮೊದಲಿನ ಮಾಲೀಕ ಅದನ್ನು ತಗ್ಗಿಸಿ, ಅಗಲ ಟೈರು ಹಾಕಿಸಿ, ಹುಲಿ ಹೊಂಚು ಹಾಕಿದಂತೆ ಮಾಡಿಟ್ಟಿದ್ದ. ಹುಡುಗ ಆ ರೂಪಕ್ಕೇ ಮರುಳಾಗಿ ದುಡ್ಡು ಕೊಟ್ಟದ್ದು. ಮೂರು ತಿಂಗಳಿಗೆ ಹಿಂದಿನಿಂದ ಶಬ್ದ ಶುರುವಾಯಿತು. ಮೊದಲ ಗ್ಯಾರೇಜಿನಲ್ಲಿ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದರು. ಎರಡನೆಯ ಕಡೆ ಚಕ್ರದ ಬೇರಿಂಗ್. ಮೂರನೆಯವರು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಟಾರ್ಚು ಹಾಕಿ ನೋಡಿ, ‘ಹಿಂದಿನ ಬೀಮೇ ಹೋಗಿದೆ’ ಎಂದು, ಎಂದರೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ತೊಲೆಯೇ ಕೆಟ್ಟಿದೆ ಎಂದು, ತಲೆಯಾಡಿಸಿದರು. ಅಷ್ಟರಲ್ಲಿ ಹತ್ತೊಂಬತ್ತು ಸಾವಿರ ರೂಪಾಯಿ ಕರಗಿತ್ತು. ಬೀಮಿನ ಬೆಲೆ ಕೇಳಿದ ಮೇಲೆ ಅವನಿಗೆ ಸೋದರಮಾವನ ನೆನಪಾಯಿತು.

ಒಂದು ಭಾನುವಾರ ಬೆಳಿಗ್ಗೆ ಬಂದ. ‘ಮಾವ, ಹಿಂದುಗಡೆ ಏನೋ ಶಬ್ದ’ ಎಂದ. ‘ಏನೋ ಶಬ್ದ ಎಂದರೆ ಯಾವ ಶಬ್ದ?’ ಎಂದು ಕೇಳಿದೆ. ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಹುಡುಗರ ಕೈಯಲ್ಲಿ ಒಂದು ನೋಟ್‌ಬುಕ್ಕಿನ ಎರಡು ಪುಟ ಬರೀ ಶಬ್ದಗಳಿಗೆ ಬಿಡಿಸುತ್ತಿದ್ದೆ. ಕನ್ನಡದಲ್ಲಿ ನಮಗೆ ಈ ವಿಷಯದಲ್ಲಿ ಬಡತನವಿಲ್ಲ: ಟಕ್, ಕಟಕ್, ಟಣ್, ಧಡ್, ಕಿರ್, ಕುಂಯ್, ಗುಡುಗುಡು, ಲೊಟಲೊಟ, ಗರಗರ. ಒಂದೊಂದಕ್ಕೂ ಒಂದೊಂದು ಕಾರಣ. ಲೋಹಕ್ಕೆ ಲೋಹ ಬಡಿದರೆ ಟಣ್, ರಬ್ಬರು ಹಿಸುಕಿದರೆ ಕಿರ್, ಸಸ್ಪೆನ್ಷನ್ನು (ಗಾಡಿಯ ಮೈಯನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಜೋಡಣೆ) ತಳ ಮುಟ್ಟಿದರೆ ಧಡ್. ಹೆಸರಿಟ್ಟರೆ ಅರ್ಧ ರೋಗ ಸಿಕ್ಕಂತೆ. ಸೋದರಳಿಯ ನಕ್ಕ. ‘ನಗಬೇಡ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಹೇಳುವವನು ನೀನು. ಅದೇ ಕಿವಿಯನ್ನು ಇಲ್ಲಿಗೂ ತಾ’ ಎಂದೆ. ತಿಪಟೂರಿನ ಕಡೆ ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಹಾಗೆಯೇ ಪರೀಕ್ಷಿಸುವುದು. ಚಿಪ್ಪಿನಿಂದ ಬಿಟ್ಟುಕೊಂಡದ್ದು ಸದ್ದು ಮಾಡುತ್ತದೆ, ಅಂಟಿಕೊಂಡಿರುವುದು ಮಾಡುವುದಿಲ್ಲ. ಕಾರಿನ ಹಿಂಭಾಗದ ಶಾಸ್ತ್ರವೂ ಬಹುಪಾಲು ಇಷ್ಟೇ.

ಮೊದಲ ಕೆಲಸವಾಗಿ ಡಿಕ್ಕಿ ಖಾಲಿ ಮಾಡಿಸಿದೆ. ಜಾಕ್, ಅದರ ಹಿಡಿ, ಎರಡು ಗೋಣಿಚೀಲ, ಒಂದು ಸ್ಟೀಲ್ ಡಬ್ಬಿ, ಹಳೆಯ ಚಪ್ಪಲಿ ಒಂದೇ ಕಾಲಿನದು. ಸ್ಟೆಪ್ನಿ ಎತ್ತಿದರೆ ಅದರ ಗುಂಡಿಯ ಮೂಲೆಯಲ್ಲಿ, ನಂಬಿದರೆ ನಂಬಿ, ಸುಲಿದು ಒಣಗಿದ ಒಂದು ತೆಂಗಿನಕಾಯಿ! ಬ್ರೇಕ್ ಹಾಕಿದಾಗ ಮುಂದಕ್ಕೆ, ಗೇರ್ ಬದಲಿಸಿ ಎಳೆದಾಗ ಹಿಂದಕ್ಕೆ ಗುಡುಗುಡು ಎನ್ನುತ್ತಿದ್ದದ್ದು ಅದೇ. ಮೂರು ಗ್ಯಾರೇಜು ಸುತ್ತಿ ಬಂದಿತ್ತು ಆ ಕಾಯಿ. ಯಾರೂ ಸ್ಟೆಪ್ನಿ ಎತ್ತಿರಲಿಲ್ಲ.

ಕಾಯಿ ಹೋದ ಮೇಲೆ ಮೂರು ಶಬ್ದ ಉಳಿದವು. ಹಂಪ್ ಇಳಿಯುವಾಗ ‘ಟಣ್’. ಗೇಟಿನಿಂದ ಮೆಲ್ಲಗೆ ಹಿಂದಕ್ಕೆ ತೆಗೆಯುವಾಗ ‘ಕಿರ್’. ಮೂರನೆಯದು ಮನೆಯ ಮುಂದೆ ಕೇಳಿಸಲಿಲ್ಲ. ಅದು ತಿಪಟೂರಿನಿಂದ ಮೂಟೆ ತುಂಬಿಕೊಂಡು ಬರುವಾಗ ಮಾತ್ರ ಬರುವುದು ಎಂದ. ಸರಿ, ಪಕ್ಕದ ಅಂಗಡಿಯಿಂದ ಎರಡು ಮೂಟೆ ಅಕ್ಕಿ ಕೇಳಿ ತಂದು ಡಿಕ್ಕಿಗೆ ಹಾಕಿಸಿ ಬಿ.ಎಚ್. ರಸ್ತೆಯಲ್ಲಿ ಗುಬ್ಬಿಯ ಕಡೆ ಸ್ವಲ್ಪ ದೂರ ಹೋಗಿಬಂದೆವು. ಟಣ್ ಮಾಯವಾಯಿತು, ಧಡ್ ಬಂತು. ನನಗೆ ಅಲ್ಲಿಗೇ ಮುಕ್ಕಾಲು ತಿಳಿಯಿತು. ಭಾರ ಹಾಕಿದಾಗ ಹೋಗುವ ಶಬ್ದ ಒಂದು ಬಗೆ, ಭಾರ ಹಾಕಿದಾಗ ಬರುವ ಶಬ್ದ ಇನ್ನೊಂದು ಬಗೆ. ಎರಡನ್ನೂ ಒಂದೇ ಶಾಕ್ ಅಬ್ಸಾರ್ಬರಿನ ತಲೆಗೆ ಕಟ್ಟಿದ್ದರು. (ಡಿಕ್ಕಿಯಲ್ಲಿ ಸಣ್ಣ ಹುಡುಗನನ್ನು ಮಲಗಿಸಿ, ಬಾಗಿಲು ಹಾಕಿ, ಗಾಡಿ ಓಡಿಸಿ ಶಬ್ದ ಕೇಳಿಸುವ ಪರಿಪಾಠ ಕೆಲವು ಗ್ಯಾರೇಜುಗಳಲ್ಲಿದೆ. ದಯವಿಟ್ಟು ಬೇಡ. ಭಾರ ಹಾಕಿ, ಇಳಿಸಿ, ಕೈಯಲ್ಲಿ ಒತ್ತಿ ಕೇಳಿದರೆ ಸಾಕಷ್ಟು ತಿಳಿಯುತ್ತದೆ.)

ಗಾಡಿ ಎತ್ತುವ ಮೊದಲು ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ. ಎಡಕ್ಕೆ 33 ಸೆಂ.ಮೀ., ಬಲಕ್ಕೆ 34. ಎದುರು ಮನೆಯವರ ಅದೇ ಮಾದರಿಯ, ಯಾರೂ ಕೈ ಹಾಕದ ಕಾರಿಗೆ ಎರಡೂ ಕಡೆ 38. ಎಂದರೆ ಹಿಂಭಾಗ ಸುಮಾರು ನಾಲ್ಕೂವರೆ ಸೆಂ.ಮೀ. ಇಳಿದಿದೆ, ಅದೂ ಎರಡು ಕಡೆ ಎರಡು ಬಗೆಯಾಗಿ. ಈ ಅಳತೆಗೆ ಟೇಪು ಸಾಕು, ಅರ್ಧ ನಿಮಿಷ ಸಾಕು. ಮೂರು ಗ್ಯಾರೇಜಿನ ಬಿಲ್ಲುಗಳಲ್ಲಿ ಒಂದರಲ್ಲೂ ಈ ಅಂಕಿ ಇರಲಿಲ್ಲ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕ್‌ನಲ್ಲಿ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಇಟ್ಟು, ಚಕ್ರ ನೇತಾಡುವಂತೆ ಬಿಟ್ಟೆವು. ಬರೀ ಜಾಕ್ ನಂಬಿ ಯಾರೂ ಕೆಳಗೆ ತಲೆ ಹಾಕಬಾರದು. ಒಳಗೆ ಕೈ ಚಾಚಿ ಎಡಗಡೆಯ ಸ್ಪ್ರಿಂಗ್ ಹಿಡಿದೆ. ಅದು ಸಣಕಲು ಕೈಯ ಮೇಲಿನ ಬಳೆಯಂತೆ ಸರಕ್ಕನೆ ತಿರುಗಿತು. ಸೋದರಳಿಯನ ಕೈಯನ್ನೂ ಅಲ್ಲಿಗೆ ತಂದಿಟ್ಟೆ. ‘ಇದು ಹೀಗೆ ತಿರುಗಬಾರದಾ ಮಾವ?’ ಎಂದ. ತಿರುಗಬಾರದು. ಚಕ್ರ ಪೂರ್ತಿ ನೇತುಬಿದ್ದಾಗಲೂ ಸ್ಪ್ರಿಂಗ್ ಮೇಲಿನ ಮತ್ತು ಕೆಳಗಿನ ತಟ್ಟೆಗಳ ನಡುವೆ ಸ್ವಲ್ಪವಾದರೂ ಅದುಮಿಕೊಂಡಿರಬೇಕು. ಹಿಂದಿನ ಮಾಲೀಕ ಕಾರನ್ನು ತಗ್ಗಿಸಲು ತಗ್ಗಿನ ಸ್ಪ್ರಿಂಗ್ ಕೊಂಡಿರಲಿಲ್ಲ, ಇದ್ದದ್ದನ್ನೇ ಕತ್ತರಿಸಿದ್ದ. ಎಡಕ್ಕೆ ಒಂದೂವರೆ ಸುತ್ತು, ಬಲಕ್ಕೆ ಅದಕ್ಕಿಂತ ತುಸು ಕಡಿಮೆ. ಸ್ಪ್ರಿಂಗ್ ಗಿಡ್ಡವಾಯಿತು, ಶಾಕ್ ಅಬ್ಸಾರ್ಬರ್ ಮಾತ್ರ ಮೊದಲಿನಷ್ಟೇ ಉದ್ದ. ಹಂಪ್ ಇಳಿದು ಚಕ್ರ ಕೆಳಕ್ಕೆ ಬಿದ್ದಾಗ ಶಾಕ್ ಅಬ್ಸಾರ್ಬರ್ ಚಾಚಿಕೊಳ್ಳುತ್ತದೆ, ಸ್ಪ್ರಿಂಗ್ ಅಷ್ಟು ಚಾಚಲಾರದೆ ತಟ್ಟೆಯಿಂದ ಬಿಟ್ಟುಕೊಳ್ಳುತ್ತದೆ, ಮರುಕ್ಷಣ ಗಾಡಿಯ ಭಾರ ಬಂದು ಮತ್ತೆ ಬಡಿಯುತ್ತದೆ. ಟಣ್. ಹೊಸ ಶಾಕ್ ಅಬ್ಸಾರ್ಬರ್ ಹಾಕಿದ ಮೇಲೂ ಅದು ಬಂದೇ ಬರುತ್ತದೆ, ಏಕೆಂದರೆ ಹೊಸದೂ ಅಷ್ಟೇ ಉದ್ದ.

ಸ್ಪ್ರಿಂಗ್ ಕೈಗೆ ಬಂದಾಗ ಅದರ ಕತ್ತರಿಸಿದ ತುದಿಯನ್ನು ನೋಡಬೇಕಿತ್ತು ನೀವು. ಉಳಿದ ತುದಿ ಕಾರ್ಖಾನೆಯಲ್ಲಿ ಒಳಕ್ಕೆ ಬಾಗಿಸಿ ತಟ್ಟೆಗೆ ಕೂರುವಂತೆ ಮಾಡಿದ್ದು. ಕತ್ತರಿಸಿದ ತುದಿ ಸೊಟ್ಟಗೆ, ಹರಿತವಾಗಿ, ಹಾವು ಹೆಡೆ ಎತ್ತಿದಂತೆ ನಿಂತಿತ್ತು. ಕೂರಬೇಕಾದ ರಬ್ಬರನ್ನು ಸೀಳಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಆ ಜಾಗ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಹತ್ತಿರದಲ್ಲೇ ಬಣ್ಣ ಸುಟ್ಟು ನೀಲಿಗಟ್ಟಿದ ಕಲೆ. ಗ್ಯಾಸ್ ಜ್ವಾಲೆಯಲ್ಲಿ ಕತ್ತರಿಸಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸ್ಪ್ರಿಂಗ್ ಉಕ್ಕಿಗೆ ಹದ ಕೊಟ್ಟಿರುತ್ತಾರೆ, ಜ್ವಾಲೆ ಹಿಡಿದರೆ ಆ ಹದ ಅಲ್ಲಿಗೆ ಕೆಡುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ: ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ, ಎಂದರೆ ಅದುಮಲು ಹೆಚ್ಚು ಬಲ ಬೇಕಾಗುತ್ತದೆ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದೂವರೆ ಹೋದರೆ ಗಡಸು ಮೂರನೇ ಒಂದರಷ್ಟು ಏರುತ್ತದೆ. ಎಡಬಲ ಕತ್ತರಿಸಿದ್ದು ಒಂದೇ ಅಲ್ಲವಾದರೆ ಗಡಸೂ ಒಂದೇ ಅಲ್ಲ. ಇಂಥ ಗಾಡಿಯನ್ನು ಮಳೆಯಲ್ಲಿ, ವೇಗದಲ್ಲಿ, ತಿರುವಿನಲ್ಲಿ ಬ್ರೇಕ್ ಹಾಕಿ ನೋಡಬೇಡಿ.

‘ಧಡ್’ಗೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಸ್ಪೆನ್ಷನ್ ಪೂರ್ತಿ ಅದುಮಿದಾಗ ಲೋಹಕ್ಕೆ ಲೋಹ ಬಡಿಯದಂತೆ ಒಂದು ಮೆತ್ತನೆಯ ಬಂಪ್ ಸ್ಟಾಪ್ ಇರುತ್ತದೆ. ಗಾಡಿ ನಾಲ್ಕೂವರೆ ಸೆಂ.ಮೀ. ಇಳಿದಾಗ ಅದಕ್ಕೂ ಎದುರಿನ ತಟ್ಟೆಗೂ ಇದ್ದ ಅಂತರವೂ ಅಷ್ಟೇ ಇಳಿಯಿತು. ಎರಡು ಮೂಟೆ ಹಾಕಿದರೆ ಗಾಡಿ ಸ್ಪ್ರಿಂಗ್ ಮೇಲೆ ಅಲ್ಲ, ಬಂಪ್ ಸ್ಟಾಪ್ ಮೇಲೆ ಓಡುತ್ತದೆ. ಅನುಮಾನ ಬಾರದಿರಲಿ ಎಂದು ಸೀಮೆಸುಣ್ಣವನ್ನು ನೀರಿನಲ್ಲಿ ಕಲಸಿ ಅದರ ತುದಿಗೆ ಬಳಿದು, ಮೂಟೆ ಹಾಕಿಸಿ ರಸ್ತೆಯ ಕೊನೆಯವರೆಗೆ ಹೋಗಿಬಂದೆ. ಎದುರಿನ ತಟ್ಟೆಯ ಮೇಲೆ ಬಿಳಿಯ ಮುದ್ರೆ ಬಿದ್ದಿತ್ತು, ಹೆಬ್ಬೆಟ್ಟು ಒತ್ತಿದ ಹಾಗೆ. ಬಲಗಡೆಯದನ್ನು ಮುಟ್ಟಿದರೆ ಹಳೆಯ ಮೈಸೂರು ಪಾಕಿನಂತೆ ಪುಡಿಪುಡಿಯಾಗಿ ಕೈಗೆ ಬಂತು.

ಈಗ ‘ಕಿರ್’. ಈ ಪತ್ರ ಬರೆಯಲು ನಿಜವಾದ ಕಾರಣ ಇದೇ. ಹಿಂದಿನ ಬೀಮಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ರಬ್ಬರ್ ಬುಷ್ ಇರುತ್ತದೆ. ಬೀಮ್ ಮೇಲೆ ಕೆಳಗೆ ಆಡುವುದು ಅದರ ಮೇಲೆ. ಬಾಗಿಲಿನ ಕೀಲಿನಲ್ಲಿ ಜಾರುವ ಹಾಗೆ ಇಲ್ಲಿ ಏನೂ ಜಾರುವುದಿಲ್ಲ ಎಂಬುದನ್ನು ಗಮನಿಸಿ. ಒಳಗೊಂದು ಲೋಹದ ಕೊಳವೆ, ಹೊರಗೊಂದು, ನಡುವೆ ಎರಡಕ್ಕೂ ಅಂಟಿದ ರಬ್ಬರು. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಗಾಡಿಯ ಮೈಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಚಕ್ರ ಎಷ್ಟು ಆಡಿದರೂ ಅಷ್ಟೂ ರಬ್ಬರಿನ ತಿರುಚು. ಗಾಡಿ ನೆಲದ ಮೇಲೆ ನಿಂತಾಗ ರಬ್ಬರು ತಿರುಚಿಲ್ಲದೆ ಸುಮ್ಮನಿರಬೇಕು, ಮೇಲೆ ಹೋದಾಗ ಅತ್ತ, ಕೆಳಗೆ ಹೋದಾಗ ಇತ್ತ ಸಮನಾಗಿ ತಿರುಚಬೇಕು. ಹಾಗಾಗಬೇಕಾದರೆ ಆ ಬೋಲ್ಟಿನ ಕೊನೆಯ ಬಿಗಿತ ಗಾಡಿ ತನ್ನ ಚಕ್ರದ ಮೇಲೆ, ತನ್ನ ಭಾರದಲ್ಲಿ ನಿಂತಾಗಲೇ ಆಗಬೇಕು.

ಈಗಿನ ಗ್ಯಾರೇಜುಗಳಲ್ಲಿ ಆಗುವುದೇನು? ಎರಡು ಕಂಬದ ಲಿಫ್ಟ್. ಗಾಡಿ ಮೇಲೆ, ಚಕ್ರ ನೇತಾಡುತ್ತಿದೆ, ಹುಡುಗ ಗಾಳಿಯ ಒತ್ತಡದಲ್ಲಿ ಬೋಲ್ಟು ಬಿಗಿಯುವ ಏರ್ ಗನ್ ಹಿಡಿದು ಟರ್ರ್ ಎನ್ನಿಸಿದರೆ ಮುಗಿಯಿತು. ಗಾಡಿ ಕೆಳಗಿಳಿದ ಕ್ಷಣದಿಂದ ಆ ರಬ್ಬರು ಒದ್ದೆ ಬಟ್ಟೆ ಹಿಂಡಿದಂತೆ ಹತ್ತು ಹದಿನೈದು ಡಿಗ್ರಿ ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ ಸುಖವಿಲ್ಲ. ತಗ್ಗಿಸಿದ ಗಾಡಿಯಾದರೆ ಇನ್ನಷ್ಟು. ಸ್ಪ್ರಿಂಗ್ ಕತ್ತರಿಸಿದವನು ಬುಷ್‌ನ ಬೋಲ್ಟು ಸಡಿಲಿಸಿ ಹೊಸ ಎತ್ತರದಲ್ಲಿ ಮತ್ತೆ ಬಿಗಿಯಬೇಕೆಂದು ಕನಸಿನಲ್ಲೂ ಎಣಿಸಿರುವುದಿಲ್ಲ. ಕೆಲವು ತಿಂಗಳಲ್ಲಿ ರಬ್ಬರು ಅಂಚಿನಿಂದ ಹರಿಯುತ್ತದೆ, ಕಿರುಗುಟ್ಟುತ್ತದೆ. ಹೊಸ ಬುಷ್ ತಂದು ಅದೇ ಲಿಫ್ಟಿನ ಮೇಲೆ ಅದೇ ರೀತಿ ಬಿಗಿಯುತ್ತಾರೆ. ಮತ್ತೆ ಹರಿಯುತ್ತದೆ. ‘ಈಗಿನ ಮಾಲು ಸರಿಯಿಲ್ಲ’ ಎಂದು ಬಿಡಿಭಾಗದ ಅಂಗಡಿಯವನನ್ನು ಬೈಯುತ್ತಾರೆ. ಈ ಒಂದು ಕೆಲಸದಲ್ಲಿ ನಮ್ಮ ಹಳೆಯ ಕಾಲದ ಗುಂಡಿಯೇ ಮೇಲು. ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುತ್ತದೆ, ಮನುಷ್ಯ ಕೆಳಗಿಳಿದು ಬಿಗಿಯುತ್ತಾನೆ.

ಕಿರ್ ಎನ್ನುವುದು ಆ ಬುಷ್‌ನಿಂದಲೇ ಎಂದು ಗೊತ್ತಾದದ್ದು ಹೇಗೆಂದರೆ, ಒಂದು ಪಿಚಕಾರಿ ಬಾಟಲಿ ನೀರು. ಸೋದರಳಿಯ ಹಿಂದಿನ ಬಂಪರ್ ಒತ್ತಿ ಒತ್ತಿ ಬಿಡುತ್ತಿದ್ದ, ನಾನು ಒಂದೊಂದೇ ರಬ್ಬರಿಗೆ ನೀರು ಹೊಡೆಯುತ್ತ ಹೋದೆ. ಬಲ ಬುಷ್‌ಗೆ ಬಿದ್ದ ಕೂಡಲೇ ಗಂಟಲು ಒದ್ದೆಯಾದಂತೆ ದನಿ ನಿಂತಿತು. ಎರಡು ನಿಮಿಷಕ್ಕೆ ಮತ್ತೆ ಶುರುವಾಯಿತು. ನೀರು ಪರೀಕ್ಷೆಗೆ ಮಾತ್ರ, ಚಿಕಿತ್ಸೆಗೆ ಅಲ್ಲ. ಇದೇ ಮಾತಿಗೆ ಇನ್ನೊಂದು: ಸರ್ವಿಸ್ ಮಾಡಿಸಿದಾಗ ಗಾಡಿಯ ಅಡಿಗೆ ಡೀಸೆಲ್ಲನ್ನೋ ಸುಟ್ಟ ಎಂಜಿನ್ ಆಯಿಲನ್ನೋ ಹೊಡೆಸುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಶಬ್ದ ಒಂದು ವಾರ ಸುಮ್ಮನಾಗುತ್ತದೆ, ರಬ್ಬರು ಊದಿ ಮೆತ್ತಗಾಗಿ ಬೇಗ ಸಾಯುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಇದನ್ನೆಲ್ಲ ಹೇಳಿ, ‘ನೀವೇಕೆ ಹುಡುಕುವುದಿಲ್ಲ?’ ಎಂದು ರೇಗಿದೆ. ಅವನು ತಣ್ಣಗೆ, ‘ಸಾರ್, ಶಾಕ್ ಅಬ್ಸಾರ್ಬರ್ ಬದಲಿಸಿದರೆ ಜನ ದುಡ್ಡು ಕೊಡುತ್ತಾರೆ. ಎರಡು ಗಂಟೆ ಹುಡುಕಿ ಡಿಕ್ಕಿಯಲ್ಲಿ ತೆಂಗಿನಕಾಯಿ ಸಿಕ್ಕಿತು ಎಂದರೆ ಯಾರು ಕೊಡುತ್ತಾರೆ?’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ತಪ್ಪು ಹೆಚ್ಚಾಗಿ ಗ್ಯಾರೇಜಿನದೇ ಎಂಬಂತೆ ಇಲ್ಲಿಯವರೆಗೆ ಬರೆದದ್ದನ್ನು ಅಷ್ಟರ ಮಟ್ಟಿಗೆ ತಿದ್ದಿಕೊಂಡು ಓದಿ.

ತಗ್ಗಿಸುವುದೇ ಪಾಪವೇ ಎಂದು ಹುಡುಗರು ಕೇಳಬಹುದು. ಎಂಜಿನಿಯರಿಂಗ್ ದೃಷ್ಟಿಯಿಂದ ಅಲ್ಲ. ಗಿಡ್ಡವಾಗಿಯೇ ತಯಾರಿಸಿದ, ಎರಡೂ ತುದಿ ಸರಿಯಾಗಿ ಕೂರುವ ಸ್ಪ್ರಿಂಗ್, ಅದಕ್ಕೆ ತಕ್ಕ ಗಿಡ್ಡ ಶಾಕ್ ಅಬ್ಸಾರ್ಬರ್, ಅದಕ್ಕೆ ತಕ್ಕ ಬಂಪ್ ಸ್ಟಾಪ್ ಹಾಕಿ, ಬುಷ್‌ಗಳನ್ನು ಹೊಸ ಎತ್ತರದಲ್ಲಿ ಬಿಗಿದರೆ ಕಾರು ಮೌನವಾಗಿಯೇ ಇರುತ್ತದೆ. ಕಾನೂನಿನ ಮಾತು ಬೇರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರು ನಮೂದಿಸಿದ ವಿವರಕ್ಕೆ ಹೊರತಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಮೇಲೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಬೀಳಬಹುದು. ಹಳೆಯ ಗಾಡಿ ಕೊಳ್ಳುವವರು ಇದನ್ನು ತಿಳಿದಿರಬೇಕು. ಕತ್ತರಿಸಿದವನು ಯಾರೇ ಆಗಿರಲಿ, ಈಗ ಪೊಲೀಸರು ಕೈ ತೋರಿಸಿದರೆ ಗಾಡಿ ನಿಲ್ಲಿಸಬೇಕಾದವರು ನೀವು.

ಸೋದರಳಿಯನ ಕಾರಿಗೆ ನಾಲ್ಕೂ ಸ್ಪ್ರಿಂಗ್ ಮೊದಲಿನ ಅಳತೆಯವೇ ಬಂದವು. ಹಿಂದಕ್ಕೆ ಸ್ಪ್ರಿಂಗ್ ಕೂರುವ ರಬ್ಬರು, ಬಂಪ್ ಸ್ಟಾಪ್, ಎರಡು ಬುಷ್. ಬೀಮಿಗೆ ಏನೂ ಆಗಿರಲಿಲ್ಲ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ನಾಲ್ಕು ಸಲ ಕುಲುಕಿಸಿ ಕೂರಿಸಿ, ಬುಷ್‌ನ ಬೋಲ್ಟನ್ನು ನಾನೇ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಬಿಗಿದೆ. ‘ಮತ್ತೆ ಎತ್ತರ ಮಾಡಿದರೆ ಕೊಕ್ಕರೆಯ ಹಾಗೆ ಕಾಣುತ್ತದೆ ಮಾವ’ ಎಂದು ಅವನು ಒಂದು ಗಂಟೆ ಮುಖ ಊದಿಸಿಕೊಂಡಿದ್ದ. ಐದು ತಿಂಗಳಾಯಿತು, ವಾರಕ್ಕೆ ಎರಡು ಸಲ ಮೂಟೆ ಹೊತ್ತು ಬರುತ್ತಾನೆ. ಟಣ್ ಇಲ್ಲ, ಧಡ್ ಇಲ್ಲ, ಕಿರ್ ಇಲ್ಲ. ಬೆಳಗಿನ ಚಳಿಯಲ್ಲಿ ಎಡಗಡೆಯಿಂದ ಸಣ್ಣಗೆ ‘ಚಿಟ್’ ಎನ್ನುವುದೊಂದು ಉಳಿದಿದೆ. ಅವನಿಗೆ ಕೇಳಿಸುವುದಿಲ್ಲವಂತೆ, ನನಗೆ ಕೇಳಿಸುತ್ತದೆ.

ಕಳೆದ ವಾರದ ಪತ್ರ ಬರೆದ ಮಹನೀಯರಿಗೆ: ಮೂರನೆಯ ಜೊತೆ ಶಾಕ್ ಅಬ್ಸಾರ್ಬರ್ ಕೊಳ್ಳುವ ಮೊದಲು ನನ್ನ ಮನೆಗೆ ಗಾಡಿ ತನ್ನಿ. ವಿಳಾಸ ಪತ್ರಿಕೆಯ ಕಚೇರಿಯಲ್ಲಿದೆ. ಹುಡುಕಿದ್ದಕ್ಕೆ ದುಡ್ಡು ಬೇಡ, ಭಾನುವಾರ ಒಂಬತ್ತಕ್ಕೆ ಬಂದರೆ ತಿಂಡಿಯೂ ಆಗುತ್ತದೆ. ಡಿಕ್ಕಿ ಮಾತ್ರ ಖಾಲಿ ಮಾಡಿಕೊಂಡು ಬನ್ನಿ.

ಇಂತಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ,
ತುಮಕೂರು